ಮ್ಯಾಗ್ಡಲೀನ್ ಒಡುಂಡೊ ಅವರ ಕುಂಭಕಲೆ

2020ರಲ್ಲಿ ಬ್ರಿಟನ್ನಿನ ಡೇಮ್ ಪದವಿಯನ್ನು ಪಡೆದ ಮ್ಯಾಗ್ಡಲೀನ್ ಒಡುಂಡೊ ಅವರ ಕುಂಭಕಲೆಯು ಆಫ್ರಿಕದ ಸ್ತ್ರೀಯರಿಂದ ವಂಶಪಾರಂಪರ್ಯವಾಗಿ ಬಂದುದೆಂದು ಭಾವಿಸುವುದು ಸುಲಭ. ಅವರ ಜೀವನಕ್ರಮವು ಇದನ್ನು ಸಮರ್ಥಿಸುವುದಿಲ್ಲ. 1950ರಲ್ಲಿ ನೈರೋಬಿಯಲ್ಲಿ ಜನಿಸಿ, ಬಾಲ್ಯದ ವಿದ್ಯಾಭ್ಯಾಸವನ್ನು ಇಂಡಿಯದಲ್ಲಿಯೂ ಕೆನ್ಯದಲ್ಲಿಯೂ ಪಡೆದು, 1971ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದುದು ವಾಣಿಜ್ಯಚಿತ್ರಕಲೆಯ ಅಭ್ಯಾಸಕ್ಕಾಗಿ. ಜೇಡಿಮಣ್ಣಿನಲ್ಲಿ ಮನಸ್ಸು ನೆಟ್ಟುದು ಅಲ್ಲಿಯೇ. ತರುವಾಯ ಮೈಕೆಲ್ ಕಾರ್ಡ್ಯೂ ಅವರ ಸಲಹೆಯಂತೆ 1974ರಲ್ಲಿ ನೈಜೀರಿಯದ ಅಬುಜಕ್ಕೆ (ಇದು ಈಗಿನ ಸುಲೇಜ, ರಾಜಧಾನಿಯಲ್ಲ) ಹೋಗಿ, ಲಾಡಿ ಕ್ವಾಲಿ ಮೊದಲಾದ ಕುಂಬಾರ್ತಿಯರಿಂದ, ತಿಗುರಿಯ ಹಂಗಿಲ್ಲದೆ ಕೈಯಿಂದಲೇ ಪಾತ್ರೆಯೆತ್ತುವ ಕ್ರಮವನ್ನು ಕಲಿತರು. ಕೆನ್ಯದವರಿಗೆ ನೈಜೀರಿಯವೂ ಪರದೇಶವೇ ಅಷ್ಟೆ. ಆದುದರಿಂದ ಇದನ್ನು ಅರಸಿ ಪಡೆದ ವಿದ್ಯೆಯೆನ್ನುವುದೇ ಯುಕ್ತವಾಗಿ ತೋರುತ್ತದೆ. ಗಾಜಿನ ಲೇಪವಿಲ್ಲದೆ, ಉಜ್ಜಿ ನುಣುಪಾಗಿಸಿದ ಅವರ ಪಾತ್ರೆಗಳು ಗಾಳಿಯಾಡುವ ಆವಿಗೆಯಲ್ಲಿ ಕೆಂಪಾಗುತ್ತವೆ. ಗಾಳಿಯನ್ನು ತಡೆದು ಮತ್ತೆ ಸುಟ್ಟಾಗ ಆ ಕೆಂಪೇ ಕಪ್ಪಾಗುವುದೂ ಉಂಟು.