ರೂಟರ್‌ಗೆ ಸಂಪರ್ಕಗೊಳ್ಳದ ಭದ್ರತಾ ಕ್ಯಾಮೆರಾ: ದೋಷ ಪತ್ತೆಯ ಕ್ರಮ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂತಹ ಬೆಂಗಳೂರಿನ ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇಂದು ಹಿರಿಯರಷ್ಟೇ ವಾಸವಾಗಿದ್ದಾರೆ. ಮಕ್ಕಳು ಪರಊರು, ಪರದೇಶಗಳಲ್ಲಿ ನೆಲೆಸಿದ್ದಾರೆ. ಗೇಟಿನ ಬಳಿ ಅಳವಡಿಸಿದ ಐಪಿ ಕ್ಯಾಮೆರಾ ಅಂತಹ ಕುಟುಂಬಗಳ ಪಾಲಿಗೆ ಕಾವಲಿನ ಕಣ್ಣು. ಅದು ರೂಟರ್‌ನೊಂದಿಗೆ ಸಂಪರ್ಕ ಕಡಿದುಕೊಂಡಾಗ ಬಹುತೇಕರು ಕ್ಯಾಮೆರಾ ಕೆಟ್ಟಿತೆಂದು ಭಾವಿಸಿ ಹೊಸದನ್ನು ಕೊಳ್ಳಲು ಮುಂದಾಗುತ್ತಾರೆ. ಆದರೆ ದೋಷ ಅನೇಕ ವೇಳೆ ಅಡಾಪ್ಟರ್, ಕೇಬಲ್ ಅಥವಾ ರೂಟರ್‌ನ ಹೊಂದಾಣಿಕೆಯಲ್ಲಿ ಇರುತ್ತದೆ. ಕ್ರಮವಾಗಿ ಪರೀಕ್ಷಿಸಿದರೆ ಮನೆಯವರೇ ಅದನ್ನು ಗುರುತಿಸಬಹುದು.

ವ್ಯಾಪಾರಸ್ಥರಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು. ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ, 30 ದಿನಗಳ ದೃಶ್ಯಗಳನ್ನು ಸಂಗ್ರಹಿಸಿಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ವಿಧಿಸುತ್ತದೆ.

ಮೊದಲ ಪರೀಕ್ಷೆ

ಕ್ಯಾಮೆರಾದಿಂದ ರೂಟರ್‌ವರೆಗಿನ ಸಂಪರ್ಕ ಒಂದು, ರೂಟರ್‌ನಿಂದ ಅಂತರ್ಜಾಲಕ್ಕಿರುವ ಸಂಪರ್ಕ ಇನ್ನೊಂದು. ಮನೆಯ ವೈಫೈ ಬಳಸಿದ ಮೊಬೈಲಿನಲ್ಲಿ ದೃಶ್ಯ ಕಾಣಿಸಿ, ಹೊರಗಿನಿಂದ ಮಾತ್ರ ಕಾಣಿಸದಿದ್ದರೆ ಕ್ಯಾಮೆರಾ ಸರಿಯಾಗಿದೆ ಎಂದೇ ಅರ್ಥ. ಮನೆಯೊಳಗೂ ಕಾಣಿಸದಿದ್ದರೆ ಮುಂದಿನ ಹಂತಗಳನ್ನು ಅನುಸರಿಸಬೇಕು.

ವಿದ್ಯುತ್ ಮತ್ತು ಕೇಬಲ್

ಹಗಲಿನಲ್ಲಿ ಸರಿಯಾಗಿದ್ದು ರಾತ್ರಿ ಮಾತ್ರ ಸಂಪರ್ಕ ತಪ್ಪುವ ಕ್ಯಾಮೆರಾದಲ್ಲಿ ಮೊದಲು ಅಡಾಪ್ಟರನ್ನು ಶಂಕಿಸಬೇಕು. ಕತ್ತಲಾದೊಡನೆ ಅವಕೆಂಪು ದೀಪಗಳು ಉರಿಯುವುದರಿಂದ ವಿದ್ಯುತ್ ಬಳಕೆ ಹೆಚ್ಚುತ್ತದೆ. ದುರ್ಬಲ ಅಡಾಪ್ಟರ್ ಆ ಹೊರೆಯನ್ನು ತಾಳದು. 12 ವೋಲ್ಟ್ ವಿದ್ಯುತ್ತನ್ನು ತೆಳುವಾದ ತಂತಿಯಲ್ಲಿ ಬಹುದೂರ ಒಯ್ದಾಗಲೂ ಇದೇ ಆಗುತ್ತದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಅಡಾಪ್ಟರ್ ಕೊಳ್ಳುವಾಗ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು.

ನೆಟ್‌ವರ್ಕ್ ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಮಳೆಗಾಲದಲ್ಲಿ ಹೊರಗಿನ ಜೋಡಣೆಗೆ ನೀರು ಸೇರಿ ಪಿನ್ನುಗಳು ಕಿಲುಬು ಹಿಡಿಯುವುದೂ ಸಾಮಾನ್ಯ. ವೈಫೈ ಕ್ಯಾಮೆರಾಕ್ಕೆ ಕೇಬಲ್ ಸೌಲಭ್ಯವಿದ್ದರೆ ಅದನ್ನು ಇಳಿಸಿ ತಂದು ನೇರವಾಗಿ ರೂಟರ್‌ಗೆ ಜೋಡಿಸಿ ನೋಡಬೇಕು. ಆಗ ಕೆಲಸ ಮಾಡಿದರೆ ದೋಷ ವೈಫೈನಲ್ಲಿದೆ ಎಂದು ತಿಳಿಯುತ್ತದೆ.

ವೈಫೈ: ಹೆಸರು, ತರಂಗ, ಗೋಡೆ

ಅಂತರ್ಜಾಲ ಸೇವಾ ಸಂಸ್ಥೆಯವರು ರೂಟರ್ ಬದಲಿಸಿದ ದಿನವೇ ಕ್ಯಾಮೆರಾಗಳೆಲ್ಲ ನಿಂತುಹೋದರೆ ಕಾರಣ ಸ್ಪಷ್ಟ. ಅವು ಹಳೆಯ ವೈಫೈ ಹೆಸರನ್ನೇ ಹುಡುಕುತ್ತಿರುತ್ತವೆ. ಹಳೆಯ ಹೆಸರು ಮತ್ತು ಪಾಸ್‌ವರ್ಡನ್ನು ಯಥಾವತ್ತಾಗಿ ಹೊಸ ರೂಟರ್‌ಗೆ ನೀಡಿದರೆ ಅವು ಸಾಮಾನ್ಯವಾಗಿ ತಾವಾಗಿಯೇ ಮರಳುತ್ತವೆ.

ಅಗ್ಗದ ಕ್ಯಾಮೆರಾಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ತರಂಗವನ್ನಷ್ಟೇ ಬಲ್ಲವು. 5 ಗಿಗಾಹರ್ಟ್ಸ್ ಜಾಲ ಅವುಗಳಿಗೆ ಕಾಣಿಸುವುದೇ ಇಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ, ಜೋಡಿಸುವವರೆಗಾದರೂ 2.4ಕ್ಕೆ ಬೇರೆ ಹೆಸರಿಡಬೇಕು. ರೂಟರ್ ಡಬ್ಲ್ಯುಪಿಎ3 ಭದ್ರತೆಯನ್ನು ಮಾತ್ರ ಒಪ್ಪುವಂತಿದ್ದರೆ ಹಳೆಯ ಕ್ಯಾಮೆರಾಗಳಿಗೆ ಪ್ರವೇಶವಿಲ್ಲ. ಡಬ್ಲ್ಯುಪಿಎ2 ಸಹ ಇರುವ ಆಯ್ಕೆ ಸೂಕ್ತ.

ಗಾರೆ ಹಚ್ಚಿದ ದಪ್ಪ ಇಟ್ಟಿಗೆ ಗೋಡೆಗಳು, ಕಬ್ಬಿಣದ ಜಾಲರಿಗಳು ಹಳೆಯ ಮನೆಗಳಲ್ಲಿ ತರಂಗಗಳನ್ನು ತಡೆಯುತ್ತವೆ. ನಡುಮನೆಯಲ್ಲಿ ರೂಟರ್ ಇಟ್ಟು ಅಂಗಳದಾಚೆಯ ಗೇಟಿನಲ್ಲಿ ಕ್ಯಾಮೆರಾ ಇರಿಸಿದರೆ ಸಂಪರ್ಕ ಕ್ಷೀಣಿಸುವುದು ಸಹಜ. ರೂಟರನ್ನು ಬೀದಿ ಬದಿಯ ಕಿಟಕಿಯ ಹತ್ತಿರಕ್ಕೆ ಸರಿಸುವುದು ಅಥವಾ ಕೇಬಲ್ ಎಳೆಸುವುದು ಇದಕ್ಕೆ ಪರಿಹಾರ.

ವಿಳಾಸದ ಗೊಂದಲ

ಜಾಲದಲ್ಲಿರುವ ಪ್ರತಿ ಸಾಧನಕ್ಕೂ ಪ್ರತ್ಯೇಕ ಐಪಿ ವಿಳಾಸ ಬೇಕು. ರೂಟರ್‌ನ ವಿಳಾಸ 192.168.0.1 ಆಗಿದ್ದು, ಕ್ಯಾಮೆರಾಕ್ಕೆ 192.168.1.64 ಎಂಬ ಸ್ಥಿರ ವಿಳಾಸವಿದ್ದರೆ ಅವೆರಡೂ ಸಾಮಾನ್ಯವಾಗಿ ಪರಸ್ಪರ ಮಾತನಾಡಲಾರವು. ವಿಳಾಸವನ್ನು ರೂಟರ್ ತಾನೇ ನೀಡುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ಕ್ಯಾಮೆರಾದಲ್ಲಿ ಆಯ್ದುಕೊಂಡು, ಆ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸುವುದು ಉತ್ತಮ. ವಿದ್ಯುತ್ ಹೋಗಿ ಬಂದಾಗಲೆಲ್ಲ ಸಂಪರ್ಕ ತಪ್ಪುವುದಾದರೆ ಮೊದಲು ರೂಟರ್, ಎರಡು ನಿಮಿಷಗಳ ಬಳಿಕ ಕ್ಯಾಮೆರಾ ಚಾಲೂ ಮಾಡಿ ನೋಡಬೇಕು.

ಅಪಾಯದ ಅಡ್ಡದಾರಿ

ಸಂಪರ್ಕ ಸಿಕ್ಕರೆ ಸಾಕೆಂದು ಪಾಸ್‌ವರ್ಡನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಡುವುದು, ರೂಟರ್‌ನ ಪೋರ್ಟುಗಳನ್ನು ಹೊರಜಗತ್ತಿಗೆ ತೆರೆಯುವುದು ಅಪಾಯಕಾರಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂತಹ ಬದಲಿಸದ ಪಾಸ್‌ವರ್ಡುಗಳ ಮೂಲಕವೇ ಅಪಾರ ಸಂಖ್ಯೆಯ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು. ಅದೇ ವರ್ಷ ಅಕ್ಟೋಬರ್ 21ರಂದು ಅವುಗಳನ್ನು ಬಳಸಿ ನಡೆಸಿದ ದಾಳಿಯಿಂದ ಅಮೆರಿಕದಲ್ಲಿ ಟ್ವಿಟರ್ ಸೇರಿದಂತೆ ಹಲವು ತಾಣಗಳು ಗಂಟೆಗಟ್ಟಲೆ ಅಸ್ತವ್ಯಸ್ತಗೊಂಡವು. ಕಾಯಲೆಂದು ಇರಿಸಿದ ಕ್ಯಾಮೆರಾ ಮನೆಯೊಳಗನ್ನು ಅಪರಿಚಿತರಿಗೆ ತೋರಿಸುವಂತಾಗಬಾರದು.

ಇಷ್ಟೆಲ್ಲ ಆದ ಮೇಲೂ ಸಂಪರ್ಕ ದೊರೆಯದಿದ್ದರೆ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು ಹೊಸದಾಗಿ ಜೋಡಿಸುವುದೇ ಕೊನೆಯ ಉಪಾಯ. ಅದಕ್ಕೆ ಮೊದಲು ಮೆಮೊರಿ ಕಾರ್ಡಿನಲ್ಲಿರುವ ಅಗತ್ಯ ದೃಶ್ಯಗಳನ್ನು ನಕಲು ಮಾಡಿಕೊಳ್ಳಬೇಕು. ಹೊಸ ಕ್ಯಾಮೆರಾ ಕೊಳ್ಳುವುದು ಅನಿವಾರ್ಯವಾದರೆ, 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿರುವ ಕೇಂದ್ರ ಸರ್ಕಾರದ ಕಡ್ಡಾಯ ಸುರಕ್ಷತಾ ಪರೀಕ್ಷೆಯಲ್ಲಿ ಆ ಮಾದರಿ ತೇರ್ಗಡೆಯಾಗಿದೆಯೇ ಎಂದು ಅಂಗಡಿಯವರಲ್ಲಿ ಕೇಳಿ ತಿಳಿಯಬೇಕು. ವೈಫೈ ಹೆಸರು, ಪಾಸ್‌ವರ್ಡ್ ಹಾಗೂ ಕ್ಯಾಮೆರಾದ ವಿಳಾಸವನ್ನು ಮನೆಯ ಹಿರಿಯರಿಗೆ ಸಿಗುವಂತೆ ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಟ್ಟರೆ ಮುಂದಿನ ಸಲ ಅರ್ಧ ಕೆಲಸ ತಗ್ಗುತ್ತದೆ.