ಪಿತ್ರಾರ್ಜಿತ ಗಾದಿಯಿಂದ ಕೆಳಗಿಳಿದ ವಣಿಕ

ಕೊಪ್ಪ ತಾಲ್ಲೂಕಿನ ನಾರ್ವೆಯಂತಹ ಊರುಗಳಲ್ಲಿ ಅಡಿಕೆ ತೋಟವೆಂದರೆ ಕೇವಲ ಜಮೀನಲ್ಲ, ಅದು ಮನೆತನದ ಮರ್ಯಾದೆಯೂ ಹೌದು. ಅಂತಹ ತೋಟವನ್ನು ಬ್ಯಾಂಕಿಗೆ ಆಧಾರವಾಗಿಟ್ಟು ಮಗನು ಸ್ವಂತ ಉದ್ಯಮ ತೆರೆಯಲು ಹೊರಟನೆಂದರೆ ತಂದೆಗೆ ರಾತ್ರಿ ನಿದ್ರೆ ಬಾರದು. ‘ಕೈಯಲ್ಲಿರುವ ಕೆಲಸವನ್ನು ಬಿಟ್ಟು ಹೀಗೆ ಹೊರಡುವುದು ಸರಿಯೇ?’ ಎಂದು ವ್ಯಾಪಾರಿಯಾದ ನನ್ನನ್ನು ಕೇಳಿದವರು ಹಲವರು. ಹೌದು ಅಥವಾ ಅಲ್ಲ ಎನ್ನುವ ಅಧಿಕಾರ ನನಗಿಲ್ಲ. ಸೊಲ್ಲಾಪುರದ ಜೈನ ಮನೆತನವೊಂದರಲ್ಲಿ ಹುಟ್ಟಿ, ನಮ್ಮ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿಯೂ ಹೆಸರು ಉಳಿಸಿಹೋದ ವಾಲ್‌ಚಂದ್ ಹೀರಾಚಂದರ ವೃತ್ತಾಂತವನ್ನು ಮಾತ್ರ ಅವರ ಮುಂದೆ ಇಡುತ್ತೇನೆ.

ವಾಲ್‌ಚಂದರು 1882ರಲ್ಲಿ ಜನಿಸಿದರು. ಮನೆತನದ ವೃತ್ತಿ ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ. ಗಾದಿಯ ಮೇಲೆ ಕುಳಿತು ಬಡ್ಡಿಯ ಲೆಕ್ಕ ಬರೆದಿದ್ದರೆ ಜೀವನ ಸುಖವಾಗಿಯೇ ಸಾಗುತ್ತಿದ್ದಿತು. ಆದರೆ ಆ ವೃತ್ತಿಯಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. ಲಕ್ಷ್ಮಣರಾವ್ ಬಳವಂತ ಫಾಟಕ್ ಎಂಬ ಮಾಜಿ ರೈಲ್ವೆ ಗುಮಾಸ್ತರೊಡನೆ ಪಾಲುದಾರಿಕೆ ಮಾಡಿಕೊಂಡು ರೈಲ್ವೆ ಕಾಮಗಾರಿಯ ಗುತ್ತಿಗೆದಾರರಾದರು. ಸಾಹುಕಾರರ ಮನೆಯ ಮಗನು ಗುಮಾಸ್ತರೊಬ್ಬರನ್ನು ಸಮಾನ ಪಾಲುದಾರರಂತೆ ಕಂಡು, ಮಣ್ಣು ಕಲ್ಲುಗಳ ಕೆಲಸಕ್ಕೆ ಇಳಿಯುವುದು ಅಂದಿನ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಫಾಟಕರಿಗೆ ಕೆಲಸದ ಒಳಹೊರಗು ಗೊತ್ತಿತ್ತು, ವಾಲ್‌ಚಂದರಿಗೆ ಬಂಡವಾಳ ಒದಗಿಸುವ ಶಕ್ತಿಯಿತ್ತು. ಜನರು ಇದನ್ನು ಸಾಹಸವೆನ್ನುತ್ತಾರೆ. ನನಗಾದರೋ ಇದರಲ್ಲಿ ಸಾಹಸಕ್ಕಿಂತ ವಿವೇಕವೇ ಹೆಚ್ಚಾಗಿ ಕಾಣುತ್ತದೆ. ತನಗೆ ತಿಳಿಯದ ವಿದ್ಯೆಯನ್ನು ಬಲ್ಲವನನ್ನು ಮೊದಲು ಹುಡುಕಿ, ಹಣವನ್ನು ಅನಂತರ ಹೂಡಿದರು.

ನಿಜವಾದ ಸಾಹಸವು ಬಂದದ್ದು 1919ರಲ್ಲಿ. ಮೊದಲನೆಯ ಮಹಾಯುದ್ಧ ಮುಗಿದಿತ್ತು. ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಒಡೆತನದಲ್ಲಿದ್ದು ಯುದ್ಧಕಾಲದಲ್ಲಿ ಆಸ್ಪತ್ರೆಯ ಹಡಗಾಗಿದ್ದ ‘ಲಾಯಲ್ಟಿ’ ಮಾರಾಟಕ್ಕಿತ್ತು. ವಾಲ್‌ಚಂದರು ನರೋತ್ತಮ ಮೊರಾರ್ಜಿ ಮೊದಲಾದ ಮಿತ್ರರೊಡನೆ ಕೂಡಿ ಅದನ್ನು ಕೊಂಡು ‘ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ’ಯನ್ನು ಸ್ಥಾಪಿಸಿದರು. ಸಮುದ್ರದ ವ್ಯಾಪಾರವೆಲ್ಲವೂ ಬ್ರಿಟಿಷ್ ಕಂಪನಿಗಳ ಮುಷ್ಟಿಯಲ್ಲಿದ್ದ ಕಾಲವದು. 1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿಯನ್ನು ಕಟ್ಟಿದ ವಿ. ಓ. ಚಿದಂಬರಂ ಪಿಳ್ಳೆಯವರು 1908ರಲ್ಲಿ ಸೆರೆಮನೆ ಸೇರಿದ್ದರು, ಅವರ ಕಂಪನಿಯು ಮುಳುಗಿಹೋಗಿತ್ತು. ಈ ಉದಾಹರಣೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಅವರು ಮುಂದಡಿ ಇಟ್ಟರು.

1919ರ ಏಪ್ರಿಲ್ 5ರಂದು ಲಾಯಲ್ಟಿಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ಇಂದಿಗೂ ‘ರಾಷ್ಟ್ರೀಯ ಸಾಗರಯಾನ ದಿನ’ವೆಂದು ಆಚರಿಸುತ್ತಾರೆ. ಆದರೆ ಆ ಹಡಗು ಲಾಭ ತರಲಿಲ್ಲ, ಕೆಲವೇ ವರ್ಷಗಳಲ್ಲಿ ಗುಜರಿಗೆ ಮಾರಬೇಕಾಯಿತು. ಆಚರಣೆಯ ಭಾಷಣಗಳಲ್ಲಿ ಈ ಮಾತು ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಎದುರಾಳಿ ಕಂಪನಿಗಳು ಬಾಡಿಗೆಯ ದರವನ್ನು ಇಳಿಸಿ ಹೊಸಬರನ್ನು ಹಿಂಡತೊಡಗಿದವು. ಕಡೆಗೆ 1923ರಲ್ಲಿ ಸಿಂಧಿಯಾ ಕಂಪನಿಯು ಅವರೊಡನೆ ಹತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ತನ್ನ ಹಡಗುಗಳ ಒಟ್ಟು ಪ್ರಮಾಣ 75,000 ಟನ್ನುಗಳನ್ನು ಮೀರಬಾರದು, ಕರಾವಳಿಯ ಸರಕು ಸಾಗಣೆಯಾಚೆಗೆ ಕೈಚಾಚಬಾರದು ಎಂಬ ಕಟ್ಟುಪಾಡುಗಳು ಅದರಲ್ಲಿದ್ದವು. ಸ್ವಾಭಿಮಾನಿಗೆ ಇದು ಕಹಿಯಾದ ಗುಟುಕು. ಆದರೆ ಷೇರುದಾರರ ಹಣ ಉಳಿಯಿತು, ಕಂಪನಿಯೂ ಉಳಿಯಿತು. ತನ್ನೊಬ್ಬನ ಹಣವಾಗಿದ್ದರೆ ಛಲಕ್ಕಾಗಿ ಕಳೆದುಕೊಳ್ಳಬಹುದು, ನಂಬಿ ಕೊಟ್ಟವರ ಹಣವನ್ನು ಛಲಕ್ಕೆ ಒಡ್ಡುವಂತಿಲ್ಲ. ಆ ಸಹಿಯನ್ನು ಸೋಲೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. 1929ರಲ್ಲಿ ನರೋತ್ತಮ ಮೊರಾರ್ಜಿಯವರು ತೀರಿಕೊಂಡ ಮೇಲೆ ವಾಲ್‌ಚಂದರು ಅಧ್ಯಕ್ಷರಾಗಿ 1950ರವರೆಗೆ ಅದನ್ನು ನಡೆಸಿದರು.

ಸಕ್ಕರೆ ಕಾರ್ಖಾನೆ, ಕಟ್ಟಡ ನಿರ್ಮಾಣ, ಮೋಟಾರು ತಯಾರಿಕೆ ಹೀಗೆ ಅವರು ಕೈಹಾಕಿದ ಕೆಲಸಗಳು ಹಲವು. ಒಂದು ಗಟ್ಟಿಯಾಗಿ ನೆಲೆ ನಿಲ್ಲುವ ಮೊದಲೇ ಮತ್ತೊಂದಕ್ಕೆ ತೊಡಗುವ ಈ ಸ್ವಭಾವವನ್ನು ನಾನು ಯಾರಿಗೂ ಮಾದರಿಯೆಂದು ಹೇಳಲಾರೆ. ಪರಿಗ್ರಹಕ್ಕೆ ಪರಿಮಾಣ ಬೇಕೆಂದು ಬಲ್ಲ ನಮ್ಮವರು ಉದ್ಯಮಗಳ ಸಂಖ್ಯೆಗೂ ಅದನ್ನು ಅನ್ವಯಿಸಬಾರದೇಕೆ ಎಂದು ಅನೇಕ ವೇಳೆ ಅನ್ನಿಸಿದೆ.

ಇನ್ನು ನಮ್ಮ ನಾಡಿಗೆ ಸಂಬಂಧಿಸಿದ ಪ್ರಸಂಗ. ಎರಡನೆಯ ಮಹಾಯುದ್ಧದ ಆರಂಭದ ದಿನಗಳಲ್ಲಿ ವಿಮಾನಯಾನವೊಂದರಲ್ಲಿ ಅವರಿಗೆ ಅಮೆರಿಕದ ವಿಲಿಯಂ ಪಾಲಿಯವರ ಪರಿಚಯವಾಯಿತು. ಚೀನಾ ದೇಶದಲ್ಲಿ ವಿಮಾನ ತಯಾರಿಕೆ ನಡೆಸಿದ್ದವರು ಅವರು. ಭಾರತದಲ್ಲಿಯೂ ಏಕಾಗಬಾರದು ಎಂಬ ಯೋಚನೆ ಅಲ್ಲಿಯೇ ಮೊಳೆಯಿತು. ಇಲ್ಲಿಯೂ ಅದೇ ಹಳೆಯ ಪದ್ಧತಿ. ವಿದ್ಯೆ ಬಲ್ಲವರು ಪಾಲಿ, ಹಣ ಕೂಡಿಸುವವರು ವಾಲ್‌ಚಂದ್. ಆದರೆ ಈ ಬಾರಿ ಮೂರನೆಯವರೊಬ್ಬರು ಬೇಕಾಗಿದ್ದರು. ಆ ಸ್ಥಾನಕ್ಕೆ ಬಂದದ್ದು ಮೈಸೂರು ಸರ್ಕಾರ; ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ‘ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್’ ನೋಂದಣಿಯಾಯಿತು. ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ.

ನಮ್ಮ ಕೊಪ್ಪ ತಾಲ್ಲೂಕು ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದಿತು. ನಾರ್ವೆಯ ರೈತನು ತೋಟ ಗದ್ದೆಗಳಿಗೆ ಕಟ್ಟಿದ ಕಂದಾಯವೂ ಸಂಸ್ಥಾನದ ಬೊಕ್ಕಸವನ್ನೇ ಸೇರುತ್ತಿತ್ತು. ವಿಮಾನವನ್ನು ಆಕಾಶದಲ್ಲಿಯೂ ಸರಿಯಾಗಿ ಕಂಡಿರದ ಆ ರೈತನು ತನಗರಿಯದೆಯೇ ಈ ಸಾಹಸದಲ್ಲಿ ಪಾಲುದಾರನಾಗಿದ್ದನು. ಹಾರುವವನು ಒಬ್ಬನಾದರೂ ಅವನ ಕಾಲ ಕೆಳಗಿನ ನೆಲ ಹಲವರದ್ದು. ಇದನ್ನು ನೆನೆದಾಗಲೆಲ್ಲ ಮಗನ ಸಾಲಪತ್ರಕ್ಕೆ ಸಹಿ ಮಾಡುವ ಆ ತಂದೆಯ ಮುಖ ನನ್ನ ಕಣ್ಣ ಮುಂದೆ ಬರುತ್ತದೆ.

1941ರ ಮಾರ್ಚಿಯಲ್ಲಿ ಭಾರತ ಸರ್ಕಾರವು ಕಂಪನಿಯ ಪಾವತಿಯಾದ ಬಂಡವಾಳದ ಮೂರನೆಯ ಒಂದು ಭಾಗವನ್ನು ಪಡೆಯಿತು. ಹಾರ್ಲೋ ತರಬೇತಿ ವಿಮಾನಗಳ ಕೆಲಸ ಆರಂಭವಾಯಿತು. ಅಷ್ಟರಲ್ಲಿ ಜಪಾನು ಯುದ್ಧಕ್ಕಿಳಿದು ಪರಿಸ್ಥಿತಿ ಬಿಗಡಾಯಿಸಿತು. 1942ರಲ್ಲಿ ಸರ್ಕಾರವು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡು ವಾಲ್‌ಚಂದರಿಗೆ ಅವರ ಪಾಲಿನ ಹಣವನ್ನು ಕೊಟ್ಟಿತು. ತಾನೇ ಹುಟ್ಟುಹಾಕಿದ ಕಾರ್ಖಾನೆಯಿಂದ ಎರಡು ವರ್ಷವೂ ತುಂಬುವ ಮೊದಲೇ ಅವರು ಹೊರನಡೆದರು. ವಿಶಾಖಪಟ್ಟಣದಲ್ಲಿ 1941ರಲ್ಲಿ ಅವರ ಕಂಪನಿ ಆರಂಭಿಸಿದ ಹಡಗುಕಟ್ಟೆಯೂ ಮುಂದೆ ಸರ್ಕಾರದ ವಶವಾಯಿತು. 1953ರಲ್ಲಿ ವಾಲ್‌ಚಂದರು ನಿಧನ ಹೊಂದಿದರು.

ಬೆಂಗಳೂರಿನ ಕಾರ್ಖಾನೆಯು 1964ರಲ್ಲಿ ‘ಹಿಂದೂಸ್ಥಾನ್ ಏರೋನಾಟಿಕ್ಸ್’ ಎಂಬ ಹೆಸರು ಪಡೆಯಿತು. ಆದರೆ 1942ರ ಆ ಬದಲಾವಣೆಯ ಕಾಲದಲ್ಲಿ ಮೈಸೂರು ಸರ್ಕಾರವು ಆಡಳಿತದಿಂದ ಹಿಂದೆ ಸರಿಯಲು ಒಪ್ಪಿತೇ ಹೊರತು ತನ್ನ ಪಾಲನ್ನು ಮಾರಲಿಲ್ಲ. ಸ್ಥಾಪಕನು ಹೊರಗೆ ಹೋದ ಮೇಲೂ ಕೊಪ್ಪದ ರೈತನ ಕಂದಾಯ ಅಲ್ಲಿಯೇ ಉಳಿದಿತ್ತು.