ನೊಣವಲ್ಲದ ನೊಣ: ಅಮೆರಿಕದ ಸರೋವರಗಳಲ್ಲಿ ಬಾಸ್ ಗಾಳದ ಚರಿತ್ರೆ

ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚದೆ, ಗಾಳದ ಕೊಕ್ಕೆಗೆ ಗರಿ, ಕೂದಲು, ರೇಷ್ಮೆ ಎಳೆಗಳನ್ನು ಸುತ್ತಿ, ಅದನ್ನು ಕೀಟವೆಂದು ಮೀನು ನಂಬುವಂತೆ ಮಾಡುವ ಬೇಟೆಗೆ ಫ್ಲೈ ಫಿಶಿಂಗ್ ಎಂದು ಹೆಸರು; ಹಾಗೆ ಕಟ್ಟಿದ ಕೊಕ್ಕೆಯೇ ಫ್ಲೈ, ಅಂದರೆ ನೊಣ. ಸಾಮಾನ್ಯ ಗಾಳದಲ್ಲಿ ಎರೆಯ ಅಥವಾ ಸೀಸದ ಗುಂಡಿನ ಭಾರವು ದಾರವನ್ನು ಎಳೆದೊಯ್ದರೆ, ಇಲ್ಲಿ ದಪ್ಪ ದಾರದ ಭಾರವೇ ಹಗುರವಾದ ನೊಣವನ್ನು ದೂರಕ್ಕೆ ಹೊತ್ತೊಯ್ಯುತ್ತದೆ. ಇಂಗ್ಲೆಂಡಿನ ಹರಿಯುವ ತೊರೆಗಳಲ್ಲಿ, ಟ್ರೌಟ್ ಮೀನಿಗಾಗಿ ಬೆಳೆದು ಬಂದ ಈ ವಿದ್ಯೆಯಲ್ಲಿ, ಆ ಹೊತ್ತಿಗೆ ನೀರಿನ ಮೇಲೆ ಯಾವ ಕೀಟ ಹಾರಾಡುತ್ತಿದೆಯೋ ಅದನ್ನೇ ಗಾತ್ರ ಮತ್ತು ಬಣ್ಣಗಳಲ್ಲಿ ಅನುಕರಿಸಬೇಕೆಂಬುದು ಬಹುಮಟ್ಟಿಗೆ ಶಾಸ್ತ್ರವಾಗಿಯೇ ನೆಲೆಗೊಂಡಿತು. ನಿಂತ ನೀರಿನ ಅಮೆರಿಕದ ಸರೋವರಗಳಿಗೂ ಅಲ್ಲಿನ ಬಾಸ್ ಮೀನಿಗೂ ಈ ಶಾಸ್ತ್ರ ಅಷ್ಟಾಗಿ ಹೊಂದುವುದಿಲ್ಲವೆಂಬುದನ್ನು ಅಲ್ಲಿನ ಗಾಳಗಾರರು ಒಪ್ಪಿಕೊಳ್ಳಲು ಹತ್ತೊಂಬತ್ತನೆಯ ಶತಮಾನವೆಲ್ಲ ಬೇಕಾಯಿತು.

ಬಾಸ್ ಎಂದು ಅಮೆರಿಕನ್ನರು ಕರೆಯುವ ಈ ಮೀನು ಯುರೋಪಿನ ಬಾಸ್‌ನ ನೆಂಟನಲ್ಲ. ಅದು ಸೆಂಟ್ರಾರ್ಕಿಡೇ ಎಂಬ ಉತ್ತರ ಅಮೆರಿಕದ ಕುಟುಂಬಕ್ಕೆ ಸೇರಿದ್ದು, ಬಾಣಲೆಗೆ ಹಿಡಿಸುವಷ್ಟೇ ಗಾತ್ರವೆಂಬ ಕಾರಣಕ್ಕೆ ಪ್ಯಾನ್‌ಫಿಶ್ ಎನಿಸಿಕೊಂಡ ಬ್ಲೂಗಿಲ್ ಮತ್ತು ಸನ್‌ಫಿಶ್‌ಗಳ ದೊಡ್ಡ ದಾಯಾದಿ. ಅದರ ಶಾಸ್ತ್ರೀಯ ನಾಮವೇ ಒಂದು ಆಕಸ್ಮಿಕದ ಫಲ. 1802ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಲಾಸೆಪೆಡ್ ಪರೀಕ್ಷಿಸಿದ ಮಾದರಿಯ ಬೆನ್ನಿನ ಈಜುರೆಕ್ಕೆ ಹರಿದುಹೋಗಿ, ಅದರ ಕೊನೆಯ ಭಾಗ ಬೇರೆಯೇ ಒಂದು ಪುಟ್ಟ ರೆಕ್ಕೆಯಂತೆ ಕಾಣುತ್ತಿದ್ದುದರಿಂದ, ಅವನು ಅದಕ್ಕೆ ‘ಸಣ್ಣ ರೆಕ್ಕೆಯದು’ ಎಂಬ ಅರ್ಥದ ಮೈಕ್ರಾಪ್ಟೆರಸ್ ಎಂಬ ಹೆಸರಿಟ್ಟನು. ತಪ್ಪು ಗೊತ್ತಾದ ಮೇಲೂ, ಮೊದಲಿಟ್ಟ ಹೆಸರಿಗೇ ಮಾನ್ಯತೆ ಎಂಬ ನಿಯಮದಿಂದ ಅದೇ ಉಳಿದುಕೊಂಡಿತು.

ಕೀಟಾನುಕರಣೆಯ ಶಾಸ್ತ್ರಕ್ಕೆ ತಲೆಬಾಗದ ಗಾಳವೊಂದು ಅಮೆರಿಕದಲ್ಲಿ ಮೊದಲಿನಿಂದಲೂ ಇತ್ತೆಂಬುದಕ್ಕೆ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ 1791ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥವೇ ಸಾಕ್ಷಿ. ಫ್ಲಾರಿಡಾದ ನೀರುಗಳಲ್ಲಿ ಇಬ್ಬರು ಪುಟ್ಟ ದೋಣಿಯೊಂದರಲ್ಲಿ ಕುಳಿತು, ಒಬ್ಬನು ಹಿಂದಿನಿಂದ ದೋಣಿ ನಡೆಸುತ್ತಿದ್ದರೆ, ಮುಂದಿನವನು ಹತ್ತು ಹನ್ನೆರಡು ಅಡಿಯ ಕೋಲಿನ ತುದಿಗೆ ಸುಮಾರು ಇಪ್ಪತ್ತು ಅಂಗುಲದ ದಾರವನ್ನಷ್ಟೇ ಕಟ್ಟಿ, ಬೆನ್ನಿಗೆ ಬೆನ್ನು ಸೇರಿಸಿದ ಮೂರು ದೊಡ್ಡ ಕೊಕ್ಕೆಗಳನ್ನು ಜಿಂಕೆಯ ಬಾಲದ ಬಿಳಿ ಕೂದಲು, ಕೆಂಪು ಪಟ್ಟಿಯ ಚೂರುಗಳು ಮತ್ತು ಬಣ್ಣಬಣ್ಣದ ಗರಿಗಳಿಂದ ಮುಚ್ಚಿ, ನೀರಿನ ಮೇಲೆ ಆಡಿಸುತ್ತಿದ್ದುದನ್ನು ಅವನು ವರ್ಣಿಸುತ್ತಾನೆ. ಹೆಚ್ಚುಕಡಿಮೆ ಮುಷ್ಟಿಯಷ್ಟು ದಪ್ಪದ ಈ ಕುಚ್ಚಿಗೆ ಅಲ್ಲಿನವರು ‘ಬಾಬ್’ ಎನ್ನುತ್ತಿದ್ದರು. ಅದು ಯಾವ ಕೀಟವನ್ನೂ ಹೋಲುತ್ತಿರಲಿಲ್ಲ. ಹೋಲಬೇಕೆಂದು ಯಾರಿಗೂ ತೋರಿರಲೂ ಇಲ್ಲ.

ಈ ನಾಡ ಜಾಣ್ಮೆಯನ್ನು ಹತ್ತೊಂಬತ್ತನೆಯ ಶತಮಾನದ ಸಭ್ಯ ಗಾಳಗಾರರು ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. ವೈದ್ಯನಾಗಿದ್ದ ಜೇಮ್ಸ್ ಹೆನ್‌ಶಾಲ್ 1881ರಲ್ಲಿ ಬಾಸ್ ಮೀನನ್ನೇ ಕುರಿತು ಒಂದು ದಪ್ಪ ಗ್ರಂಥ ಬರೆದು, ಅಲ್ಲಿಯವರೆಗೆ ಟ್ರೌಟ್‌ನ ಮುಂದೆ ಕೀಳೆಂದು ಎಣಿಸಲಾಗಿದ್ದ ಈ ಮೀನಿಗೆ ಮರ್ಯಾದೆ ತಂದುಕೊಟ್ಟನು. ಆದರೆ ಅಂದಿನ ಬಾಸ್ ನೊಣಗಳು ಬಹುಪಾಲು ಟ್ರೌಟ್ ಮತ್ತು ಸಾಲ್ಮನ್ ನೊಣಗಳನ್ನೇ ಹಿಗ್ಗಿಸಿ, ಇನ್ನಷ್ಟು ಬಣ್ಣ ಬಳಿದಂಥವು. ವರ್ಮಾಂಟ್ ಸಂಸ್ಥಾನದ ಮ್ಯಾಂಚೆಸ್ಟರ್‌ನಲ್ಲಿ ತಂದೆ ಚಾರ್ಲ್ಸ್ ಆರ್ವಿಸ್‌ನ ಸಂಸ್ಥೆಯಲ್ಲಿ ನೊಣ ಕಟ್ಟುವ ಮಹಿಳೆಯರ ಮೇಲ್ವಿಚಾರಣೆ ನೋಡುತ್ತಿದ್ದ ಮೇರಿ ಆರ್ವಿಸ್ ಮಾರ್ಬರಿ, ದೇಶದುದ್ದಕ್ಕೂ ಗಾಳಗಾರರಿಂದ ಪತ್ರಗಳನ್ನು ತರಿಸಿಕೊಂಡು, 1892ರಲ್ಲಿ ವರ್ಣಚಿತ್ರಗಳ ಸಹಿತ ಹೊರತಂದ ಗ್ರಂಥದಲ್ಲಿ ಇಂಥ ನೊಣಗಳ ಹೆಸರುಗಳೂ ಹುಟ್ಟುಗಳೂ ದಾಖಲಾಗಿವೆ. ಒಂದೇ ನೊಣಕ್ಕೆ ಊರಿಗೊಂದು ಹೆಸರಿದ್ದ ಗೊಂದಲವನ್ನು ತಿಳಿಗೊಳಿಸಿದ ಆ ಕೆಲಸ ನಿಜಕ್ಕೂ ದೊಡ್ಡದು. ಆದರೂ ಆ ಚಿತ್ರಪಟಗಳಲ್ಲಿನ ಬಾಸ್ ನೊಣಗಳು ಮೀನಿಗಿಂತ ಹೆಚ್ಚಾಗಿ ಮನುಷ್ಯನ ಕಣ್ಣಿಗೇ ಹಬ್ಬವೆನ್ನಬೇಕು, ಏಕೆಂದರೆ ಅವು ಹೆಚ್ಚಿನಂಶ ನೀರಿನಲ್ಲಿ ಮುಳುಗಿಯೇ ಸಾಗುತ್ತಿದ್ದವು, ಬಾಸ್ ಆದರೋ ಬೇಸಿಗೆಯ ಸಂಜೆಗಳಲ್ಲಿ ಜೊಂಡಿನ ಅಂಚಿಗೆ ಬಂದು, ಮೇಲ್ಮೈಯಲ್ಲಿ ಕಪ್ಪೆಯೋ ಇಲಿಮರಿಯೋ ಮಾಡುವ ಸದ್ದಿಗೆ ಕಿವಿಗೊಟ್ಟು ಕಾಯುವ ಬೇಟೆಗಾರ.

ತಿರುವು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಟೆನೆಸಿಯ ಚಾಟನೂಗದಿಂದ. ಅಲ್ಲಿನ ಅರ್ನೆಸ್ಟ್ ಪೆಕಿನ್‌ಪಾ ಎಂಬವನು ಕೊಕ್ಕೆಗೆ ಕಾರ್ಕ್ ತುಂಡೊಂದನ್ನು ಪೋಣಿಸಿ, ಹಿಂದೆ ಕೂದಲಿನ ಬಾಲವಿಟ್ಟು, ಎಷ್ಟು ಎಳೆದಾಡಿದರೂ ಮುಳುಗದ ನೊಣವನ್ನು ಮಾಡಿ ಮಾರತೊಡಗಿದನು. ಹೊಳೆದ ಮೇಲೆ ಇದು ಸುಲಭವೆನಿಸಿದರೂ, ಮಾಡುವಾಗ ಒಂದು ಸಣ್ಣ ತೊಡಕು ಎದುರಾಗುತ್ತಿತ್ತು: ನುಣುಪಾದ ನೇರ ತಂತಿಯ ಮೇಲೆ ಅಂಟಿಸಿದ ಕಾರ್ಕ್, ಮೀನು ನಾಲ್ಕು ಸಲ ಕಚ್ಚುವಷ್ಟರಲ್ಲಿ ಸಡಿಲಗೊಂಡು ಗಿರಗಿರನೆ ತಿರುಗಿ, ಕೊಕ್ಕೆಯ ಮೊನೆಯನ್ನೇ ಮರೆಮಾಡುತ್ತಿತ್ತು. ಕೊಕ್ಕೆಯ ತಂತಿಯ ನಡುವೆ ಡುಬ್ಬದಂಥ ಒಂದು ಬಾಗು ಕೊಟ್ಟು, ಅದು ಕಾರ್ಕ್‌ನ ಸೀಳಿನೊಳಗೆ ಹಿಡಿದು ಕೂರುವಂತೆ ಮಾಡಿದಾಗ ಈ ತೊಡಕು ನಿವಾರಣೆಯಾಯಿತು. ಮುಂದೆ ಕಾರ್ಕ್‌ನ ಮುಖವನ್ನು ಬಟ್ಟಲಿನಂತೆ ಕೊರೆದು, ದಾರವನ್ನು ಜಗ್ಗಿದಾಗ ‘ಗುಳಕ್’ ಎಂದು ಸದ್ದು ಬರುವಂತೆ ಮಾಡಿದ ಪಾಪರ್ ಎಂಬ ಬಗೆಯೂ ರೂಢಿಗೆ ಬಂತು. ನಿಂತ ನೀರಿನಲ್ಲಿ ನೊಣಕ್ಕೆ ಚಲನೆ ಕೊಡಲು ಪ್ರವಾಹವಿಲ್ಲದ ಕಾರಣ, ಬಣ್ಣಕ್ಕಿಂತ ಸದ್ದೂ ಅಲುಗಾಟವೂ ಮುಖ್ಯವೆಂಬ ಬಾಬ್‌ನ ಹಳೆಯ ಅರಿವು ಹೀಗೆ ಬೇರೊಂದು ದಾರಿಯಿಂದ ಮರಳಿ ಬಂತು. ಇವುಗಳ ಕೀರ್ತಿಯನ್ನು ಪತ್ರಿಕೆಗಳ ಮೂಲಕ ಹರಡಿದವರಲ್ಲಿ ಷಿಕಾಗೋದ ವಿಲ್ ಡಿಲ್ಗ್ ಪ್ರಮುಖನು. ಮಿಸಿಸಿಪಿ ನದಿಯ ಹಿನ್ನೀರುಗಳಲ್ಲಿ ಬಾಸ್ ಹಿಡಿಯುತ್ತಿದ್ದ ಈತನೇ 1922ರಲ್ಲಿ ಐಸಾಕ್ ವಾಲ್ಟನ್ ಲೀಗ್ ಎಂಬ ಸಂರಕ್ಷಣಾ ಸಂಘದ ಸ್ಥಾಪಕರಲ್ಲಿ ಒಬ್ಬನಾಗಿ, ಆ ಹಿನ್ನೀರುಗಳನ್ನು ಬತ್ತಿಸದಂತೆ ಹೋರಾಡಿ, 1924ರಲ್ಲಿ ಅಲ್ಲೊಂದು ವನ್ಯಜೀವಿ ಮತ್ತು ಮತ್ಸ್ಯಧಾಮ ರೂಪುಗೊಳ್ಳಲು ಕಾರಣನಾದನು. ಗಾಳದ ಹುಚ್ಚು ನಾಡಿಗೆ ಇಷ್ಟು ಉಪಕಾರ ಮಾಡಿದ್ದು ಅಪರೂಪವೇ ಸರಿ.

ಕಾರ್ಕ್‌ಗೆ ಜೊತೆಯಾಗಿ 1920ರ ದಶಕದಲ್ಲಿ ಜಿಂಕೆಯ ಕೂದಲೂ ಹೊಸ ಬಳಕೆಗೆ ಬಂತು. ಒಳಗೆ ಗಾಳಿ ತುಂಬಿದ ಈ ಕೂದಲಿನ ಚಿಟಿಕೆಯನ್ನು ಕೊಕ್ಕೆಯ ಮೇಲಿಟ್ಟು ನೂಲನ್ನು ಬಿಗಿದರೆ ಅದು ಸುತ್ತಲೂ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಹೀಗೆ ಒತ್ತೊತ್ತಾಗಿ ಕಟ್ಟಿ ಕತ್ತರಿಯಿಂದ ಕೆತ್ತಿದರೆ ಬೇಕಾದ ಆಕಾರದ, ತೇಲುವ, ಬಾಯಿಗೆ ಮೆತ್ತಗೆ ಸಿಗುವ ಪ್ರಾಣಿ ಸಿದ್ಧ. ವೆಸ್ಟ್ ವರ್ಜಿನಿಯಾದ ಮಾರ್ಗನ್‌ಟೌನಿನ ಜೋ ಮೆಸಿಂಜರ್ ಈ ಕ್ರಮದಲ್ಲಿ ಕಟ್ಟಿದ, ಜಗ್ಗಿದಾಗ ಕಾಲು ಬಡಿಯುವ ಕಪ್ಪೆಯನ್ನು ಮೀರಿಸಿದ ಕುಸುರಿ ಆ ಕಸುಬಿನಲ್ಲಿ ಹೆಚ್ಚಿಲ್ಲ.

ಪ್ಯಾನ್‌ಫಿಶ್‌ನ ಕಥೆ ಇದಕ್ಕಿಂತ ಸರಳ. ಬ್ಲೂಗಿಲ್‌ನ ಬಾಯಿ ತೀರ ಚಿಕ್ಕದು. ಬಾಸ್ ನುಂಗುವ ಪಾಪರ್ ಬಿದ್ದರೆ ಅದು ಬಾಲವನ್ನು ಎಳೆದು ಬಿಡುತ್ತದೆಯೇ ಹೊರತು ಕೊಕ್ಕೆಗೆ ಸಿಗುವುದಿಲ್ಲ. ಅಂಕಿ ಹೆಚ್ಚಿದಷ್ಟೂ ಕೊಕ್ಕೆ ಕಿರಿದಾಗುವ ಲೆಕ್ಕದಲ್ಲಿ, ಅದಕ್ಕೆ 8ರಿಂದ 12ನೆಯ ಸಂಖ್ಯೆಯ ಕೊಕ್ಕೆ ಬೇಕು. ದೊಡ್ಡಬಾಯಿಯ ಬಾಸ್‌ಗೆ 4ಕ್ಕಿಂತ ಕಿರಿದಾದದ್ದು ಸಾಮಾನ್ಯವಾಗಿ ಸಾಲದು. 1930ರ ದಶಕದಿಂದ ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಕೃಷಿಹೊಂಡಗಳಲ್ಲಿ ಬಾಸ್ ಮತ್ತು ಬ್ಲೂಗಿಲ್‌ಗಳನ್ನು ಯಾವ ಪ್ರಮಾಣದಲ್ಲಿ ಬಿಟ್ಟರೆ ಒಂದು ಇನ್ನೊಂದರ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತದೆಂದು ಪರೀಕ್ಷಿಸಿ ತೋರಿಸಿದ ಮೇಲೆ, ಈ ಜೋಡಿ ರೈತರ ಹೊಲದ ಹೊಂಡಗಳಿಗೂ ಬಂದಿತು. ರಬ್ಬರ್ ಕಾಲಿನ ಪುಟ್ಟ ಜೇಡದಂಥ ಅಗ್ಗದ ನೊಣಗಳಿಗೆ ಇಲ್ಲಿಯೇ ಸರಿಯಾದ ನೆಲೆ.

ಲೂಸಿಯಾನದ ಟಾಮ್ ನಿಕ್ಸನ್ 1968ರಲ್ಲಿ ಬಾಸ್ ಮತ್ತು ಪ್ಯಾನ್‌ಫಿಶ್ ನೊಣಗಳನ್ನು ಕುರಿತೇ ಒಂದು ಗ್ರಂಥ ಬರೆಯುವ ಹೊತ್ತಿಗೆ ಅನುಕರಣೆಯ ಶಾಸ್ತ್ರದ ಹಿಡಿತ ಸಾಕಷ್ಟು ಸಡಿಲವಾಗಿತ್ತು. ಅವನ ‘ಪಿಗ್ ಬೋಟ್’ ಎಂಬ ನೊಣ, ಸುತ್ತಲೂ ರಬ್ಬರ್ ಎಳೆಗಳ ಲಂಗ ತೊಟ್ಟು, ಕೀಟವನ್ನಲ್ಲ, ಅಂಗಡಿಯಲ್ಲಿ ಮಾರುವ ಲೋಹದ ಹುಸಿ ಎರೆಯನ್ನು ಹೋಲುತ್ತಿತ್ತು. ಇದನ್ನು ನೊಣವೆನ್ನಬಹುದೇ ಎಂದು ಮಡಿವಂತರು ಕೇಳಬಹುದಾದರೂ, ದಾರದ ಭಾರದಿಂದ ಎಸೆಯಬಲ್ಲದ್ದೆಲ್ಲ ನೊಣವೇ ಎಂಬ ಉತ್ತರವೇ ಚರಿತ್ರೆಗೆ ಹೆಚ್ಚು ಹೊಂದುತ್ತದೆ. ಇಂದು ಕಾರ್ಕ್‌ನ ಜಾಗಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ ಫೋಮ್ ಬಂದಿದೆ; ನಡುವೆ ಡುಬ್ಬವಿರುವ ಕೊಕ್ಕೆ ಮಾತ್ರ ಅದೇ ಆಕಾರದಲ್ಲಿ ಇನ್ನೂ ಮಾರಾಟವಾಗುತ್ತಿದೆ.